ಸಭೆಗೆ ಎಷ್ಟು ಜನ?

ಆನ್‌ಲೈನ್ ಸಭೆಗೆ ಯಾವ ಆ್ಯಪ್ ಒಳ್ಳೆಯದು ಎಂದು ಕೇಳಿ ನೋಡಿ. ಆ ಕೆಲಸದಲ್ಲಿ ಪಳಗಿದವರು ಉತ್ತರ ಹೇಳುವ ಮೊದಲು ತಾವೇ ಕೇಳುತ್ತಾರೆ: ಎಷ್ಟು ಜನ ಸೇರುತ್ತೀರಿ? ಅವರಲ್ಲಿ ಮಾತಾಡುವವರು ಎಷ್ಟು ಮಂದಿ? ಜೂಮ್, ಗೂಗಲ್ ಮೀಟ್, ಟೀಮ್ಸ್, ವಾಟ್ಸ್‌ಆ್ಯಪ್, ಜಿಟ್ಸಿ ಎಂಬ ಹೆಸರುಗಳೆಲ್ಲ ಆಮೇಲಿನ ಮಾತು. ಈ ಎರಡು ಪ್ರಶ್ನೆಗಳ ಹಿಂದೆ ಸುಮಾರು ನೂರು ವರ್ಷದ ಚರಿತ್ರೆ ಇದೆ. ಇಬ್ಬರಿಗೆಂದು ಕಟ್ಟಿದ ಯಂತ್ರ ಆರು ಜನಕ್ಕೆ ಒದಗಲಿಲ್ಲ. ಆರು ಜನಕ್ಕೆ ಕಟ್ಟಿದ್ದು ಐವತ್ತು ಮಂದಿ ಬಂದಾಗ ಕೈಕೊಟ್ಟಿತು. ತಲೆ ಎಣಿಕೆ ಬದಲಾದಾಗಲೆಲ್ಲ ಎಂಜಿನಿಯರುಗಳು ಹಳೆಯದನ್ನು ಬದಿಗಿಟ್ಟು ಬುಡದಿಂದ ಶುರು ಮಾಡಬೇಕಾಯಿತು.

ಮೊದಲ ಸಭೆ ಇಬ್ಬರದು. ಅದರಲ್ಲೂ ಒಬ್ಬರಿಗೆ ಮಾತ್ರ ಇನ್ನೊಬ್ಬರು ಕಾಣುತ್ತಿದ್ದರು. 1927ರ ಏಪ್ರಿಲ್ 7ರಂದು ಅಮೆರಿಕದ ವಾಣಿಜ್ಯ ಸಚಿವ ಹರ್ಬರ್ಟ್ ಹೂವರ್ ವಾಷಿಂಗ್ಟನ್‌ನಲ್ಲಿ ಫೋನ್ ಹಿಡಿದು ಕೂತರು. 300 ಕಿ.ಮೀ.ಗೂ ಆಚೆ ನ್ಯೂಯಾರ್ಕ್‌ನಲ್ಲಿ ಎಟಿ ಅಂಡ್ ಟಿ ಕಂಪನಿಯ ಅಧ್ಯಕ್ಷ ವಾಲ್ಟರ್ ಗಿಫರ್ಡ್ ಅವರ ಮುಂದಿನ ಪುಟ್ಟ ತೆರೆಯ ಮೇಲೆ ಹೂವರ್ ಮುಖ ಮೂಡಿತು. ಇಡೀ ಮುಖ 50 ಗೆರೆಗಳಲ್ಲಿ ಅಡಗಿತ್ತು. ಮಾತು ಎರಡೂ ಕಡೆಗೆ ಹೋಗುತ್ತಿತ್ತು, ಚಿತ್ರ ಒಂದೇ ಕಡೆಗೆ. ಎರಡು ವರ್ಷದಲ್ಲಿ ಹೂವರ್ ದೇಶದ ಅಧ್ಯಕ್ಷರಾದರು. ಯಂತ್ರ ಪ್ರಯೋಗಶಾಲೆಗೆ ಮರಳಿತು.

ಜನಸಾಮಾನ್ಯರ ಕೈಗೆ ಇದನ್ನು ಮೊದಲು ಕೊಟ್ಟವರು ಜರ್ಮನಿಯ ಅಂಚೆ ಇಲಾಖೆಯವರು. 1936ರ ಮಾರ್ಚ್‌ನಲ್ಲಿ ಬರ್ಲಿನ್ ಮತ್ತು ಲೈಪ್‌ಜಿಗ್ ನಗರಗಳ ನಡುವೆ ಕೇಬಲ್ ಎಳೆದು ದೃಶ್ಯ-ದೂರವಾಣಿ ಸೇವೆ ಆರಂಭಿಸಿದರು. ಕರೆ ಮಾಡಬೇಕಾದವರು ನಿಗದಿಯಾದ ಬೂತಿಗೆ ಹೋಗಬೇಕು. ಕರೆ ಸ್ವೀಕರಿಸುವವರೂ ಅದೇ ಹೊತ್ತಿಗೆ ತಮ್ಮ ಊರಿನ ಬೂತಿನಲ್ಲಿ ಹಾಜರಿರಬೇಕು. ಯುದ್ಧ ಬಂತು, 1940ರಲ್ಲಿ ಸೇವೆ ನಿಂತಿತು.

ಅಮೆರಿಕದವರು ಮತ್ತೆ ಕೈಹಾಕಿದ್ದು 1964ರಲ್ಲಿ. ಆ ವರ್ಷದ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಎಟಿ ಅಂಡ್ ಟಿ ತನ್ನ ‘ಪಿಕ್ಚರ್‌ಫೋನ್’ ಇಟ್ಟಿತು. ಜನ ಸಾಲು ನಿಂತು ನೋಡಿದರು. ಜೂನ್ 24ರಂದು ಅಧ್ಯಕ್ಷರ ಪತ್ನಿ ಲೇಡಿ ಬರ್ಡ್ ಜಾನ್ಸನ್ ವಾಷಿಂಗ್ಟನ್‌ನಿಂದ ಕರೆ ಮಾಡಿ, ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಬೂತಿನಲ್ಲಿ ಕೂತಿದ್ದ ಬೆಲ್ ಲ್ಯಾಬ್ಸ್ ವಿಜ್ಞಾನಿ ಎಲಿಜಬೆತ್ ವುಡ್ ಜೊತೆ ಮಾತಾಡಿ ಸೇವೆಗೆ ಚಾಲನೆ ಕೊಟ್ಟರು. ವಾಷಿಂಗ್ಟನ್‌ಗೆ ಮೂರು ನಿಮಿಷದ ಮಾತಿಗೆ 16 ಡಾಲರ್; ಷಿಕಾಗೊಗೆ 27. ಆ ಕಾಲಕ್ಕೆ ಅದು ಅನೇಕರ ವಾರದ ದಿನಸಿಯ ದುಡ್ಡು. ಉದ್ಘಾಟನೆಯ ಸಂಭ್ರಮ ಮುಗಿದ ಮೇಲೆ ಬೂತುಗಳು ಬಿಕೋ ಎಂದವು.

ಕಂಪನಿ ಸೋಲೊಪ್ಪಲಿಲ್ಲ. 1970ರ ಜೂನ್ 30ರಂದು ಪಿಟ್ಸ್‌ಬರ್ಗ್ ನಗರದಲ್ಲಿ ಪಿಕ್ಚರ್‌ಫೋನನ್ನು ಕಚೇರಿಗಳ ಮೇಜಿಗೇ ತಂದಿತು. ಮೇಯರ್ ಪೀಟರ್ ಫ್ಲಾಹರ್ಟಿ ಮೊದಲ ಕರೆಯನ್ನು ಅಲ್ಕೋವ ಕಂಪನಿಯ ಮುಖ್ಯಸ್ಥ ಜಾನ್ ಹಾರ್ಪರ್‌ಗೆ ಮಾಡಿದರು. ತಿಂಗಳಿಗೆ 160 ಡಾಲರ್ ಬಾಡಿಗೆ. ಅದರಲ್ಲಿ 30 ನಿಮಿಷ ಉಚಿತ, ಮುಂದಿನ ಪ್ರತಿ ನಿಮಿಷಕ್ಕೆ 25 ಸೆಂಟ್. ಶುರುವಿಗೆ ಇಡೀ ಊರಿನಲ್ಲಿ ಇದ್ದ ಸೆಟ್ಟುಗಳು 38, ಅವೂ ಎಂಟು ಕಂಪನಿಗಳಲ್ಲಿ ಹಂಚಿಹೋಗಿದ್ದವು. 1980ರ ಹೊತ್ತಿಗೆ 10 ಲಕ್ಷ ಸೆಟ್ ಎಂದು ಕಂಪನಿಯ ದೊಡ್ಡವರು ಲೆಕ್ಕ ಹಾಕಿದ್ದರು. ಗಿರಾಕಿಗಳು ಕೆಲವು ನೂರನ್ನೂ ಸರಿಯಾಗಿ ದಾಟಲಿಲ್ಲ.

ಬೆಲೆ ದುಬಾರಿಯಾಯಿತು, ಮುಖ ತೋರಿಸಲು ಜನ ನಾಚಿದರು ಎಂದೆಲ್ಲ ಕಾರಣ ಹೇಳುವುದು ವಾಡಿಕೆ. ಎರಡರಲ್ಲೂ ಸತ್ಯವಿದೆ. ಆದರೆ ಇನ್ನೂ ಸರಳವಾದ ತೊಡಕೊಂದಿತ್ತು: ತಂದುಕೊಂಡವರು ಕರೆ ಮಾಡುವುದಾದರೂ ಯಾರಿಗೆ? ಊರಿನಲ್ಲಿ 38 ಸೆಟ್ ಇದ್ದರೆ ನಿಮಗೆ ಕಾಣಸಿಗುವವರು 37 ಮಂದಿ, ಅವರಲ್ಲಿ ಅರ್ಧದಷ್ಟು ಜನ ನಿಮ್ಮದೇ ಕಟ್ಟಡದಲ್ಲಿರಬಹುದು. ಮೇಲಾಗಿ ಒಂದೊಂದು ಕರೆಯೂ ನೂರಕ್ಕೂ ಹೆಚ್ಚು ಮಾಮೂಲಿ ದೂರವಾಣಿ ಮಾತುಕತೆಗಳಷ್ಟು ಜಾಗವನ್ನು ತಂತಿಯಲ್ಲಿ ನುಂಗುತ್ತಿತ್ತು.

ಇದರ ನಡುವೆ ಒಂದು ಮಧ್ಯಾಹ್ನ ಬೇರೆಯದೇ ಬಗೆಯ ಸಭೆ ನಡೆದುಹೋಗಿತ್ತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ಕಂಪ್ಯೂಟರ್ ಸಮ್ಮೇಳನದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ 90 ನಿಮಿಷದ ಪ್ರದರ್ಶನ ಕೊಟ್ಟರು. ಸಾವಿರದಷ್ಟು ಪ್ರೇಕ್ಷಕರ ಮುಂದಿನ ದೊಡ್ಡ ತೆರೆಯ ಮೂಲೆಯಲ್ಲಿ, ಸುಮಾರು 48 ಕಿ.ಮೀ. ದೂರದ ಮೆನ್ಲೊ ಪಾರ್ಕ್‌ನಲ್ಲಿದ್ದ ಸಹೋದ್ಯೋಗಿ ಬಿಲ್ ಪ್ಯಾಕ್ಸ್‌ಟನ್ ಮುಖ ಕಾಣಿಸಿತು. ಇಬ್ಬರೂ ಒಂದೇ ಬರಹವನ್ನು ನೋಡುತ್ತ, ಒಂದೇ ತೆರೆಯ ಮೇಲೆ ಇಬ್ಬರ ಬಾಣದ ಗುರುತುಗಳೂ ಓಡಾಡುತ್ತ ಕೆಲಸ ಸಾಗಿತು. ಇಂದು ಯಾವ ಆಫೀಸಿನಲ್ಲಾದರೂ ‘ಸ್ಕ್ರೀನ್ ಶೇರ್ ಮಾಡಿ’ ಎನ್ನುವಾಗ ಕೇಳುತ್ತಿರುವುದು ಅದನ್ನೇ. ಪಿಕ್ಚರ್‌ಫೋನಿನವರು ಮುಖ ತೋರಿಸುವುದಕ್ಕೇ ಅಷ್ಟೆಲ್ಲ ಖರ್ಚು ಮಾಡಿದರು. ಸಭೆಗೆ ಮುಖಕ್ಕಿಂತ ಕಾಗದ ಮುಖ್ಯ ಎಂಬುದನ್ನು ಎಂಗಲ್‌ಬಾರ್ಟ್ ಕಂಡುಕೊಂಡಿದ್ದರು.

ಇಬ್ಬರಿಂದ ಗುಂಪಿಗೆ ಹೋದದ್ದು ವಿಡಿಯೊ ಸಭಾಕೋಣೆಗಳ ಕಾಲದಲ್ಲಿ. 1982ರಲ್ಲಿ ಕಂಪ್ರೆಷನ್ ಲ್ಯಾಬ್ಸ್ ಎಂಬ ಕಂಪನಿ ಮಾರುತ್ತಿದ್ದ ವ್ಯವಸ್ಥೆಗೆ ಎರಡೂವರೆ ಲಕ್ಷ ಡಾಲರ್. ಅದರ ಮೇಲೆ ಲೈನಿನ ಬಾಡಿಗೆ ಗಂಟೆಗೆ ಸಾವಿರ ಡಾಲರ್. 1986ರ ಹೊತ್ತಿಗೆ ಪಿಕ್ಚರ್‌ಟೆಲ್ ಕಂಪನಿ ಅದನ್ನು 80,000 ಡಾಲರಿಗೂ ಗಂಟೆಗೆ 100 ಡಾಲರಿಗೂ ಇಳಿಸಿತು. ಇಷ್ಟೊಂದು ಇಳಿಕೆ ಸಾಧ್ಯವಾದದ್ದು ಗಣಿತದಿಂದ. ಆ ಗಣಿತದ ಮುಖ್ಯ ಎಳೆಯೊಂದು ಹೊರಟದ್ದು ಬೆಂಗಳೂರಿನ ಒಬ್ಬರ ತಲೆಯಿಂದ.

ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಕೆ.ಆರ್. ಸರ್ಕಲ್‌ನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ನ್ಯೂ ಮೆಕ್ಸಿಕೊದಲ್ಲಿ ಡಾಕ್ಟರೇಟ್, ಆಮೇಲೆ ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಮೇಷ್ಟರಿಕೆ. 1972ರಲ್ಲಿ, ಚಿತ್ರಗಳನ್ನು ಕೊಸೈನ್ ಅಲೆಗಳಾಗಿ ಬಿಡಿಸಿ ಹಿಂಡಬಹುದೇ ಎಂದು ಸಂಶೋಧಿಸಲು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಹಣ ಸಿಗಲಿಲ್ಲ. ವಿಚಾರ ತೀರಾ ಸರಳವಾಯಿತು ಎಂಬ ಅಭಿಪ್ರಾಯ ಬಂದಿತ್ತಂತೆ. ಆದರೂ ಬಿಡದೆ ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಸ್ನೇಹಿತ ಕೆ.ಆರ್. ರಾವ್ ಅವರೊಂದಿಗೆ ಲೆಕ್ಕ ಮುಂದುವರಿಸಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಅದೇ ಡಿಸಿಟಿ, ಅಂದರೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್.

ಅದು ಮಾಡುವ ಕೆಲಸ ಹೀಗೆ. ಚಿತ್ರವನ್ನು 8 ಅಡ್ಡ, 8 ಉದ್ದದ ಚುಕ್ಕೆಗಳ ಪುಟ್ಟ ಚೌಕಗಳಾಗಿ ಕತ್ತರಿಸುವುದು. ಒಂದೊಂದು ಚೌಕದಲ್ಲೂ ನಿಧಾನವಾಗಿ ಬದಲಾಗುವ ಬಣ್ಣ ಎಷ್ಟು, ಗಡಿಬಿಡಿಯ ಗೆರೆ ಎಷ್ಟು ಎಂದು ಬೇರ್ಪಡಿಸುವುದು. ಕಣ್ಣಿಗೆ ಬೇಕಾದ ಸಂಗತಿ ಬಹುಪಾಲು ಮೊದಲ ಕೆಲವು ಅಂಕಿಗಳಲ್ಲೇ ಬಂದು ಕೂರುತ್ತದೆ. ಉಳಿದವನ್ನು ಎಸೆದರೂ ನೋಡುವವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ನೆಟ್‌ವರ್ಕ್ ಕುಸಿದಾಗ ಎದುರಿನವರ ಮುಖ ಚೌಕ ಚೌಕವಾಗಿ ಒಡೆಯುತ್ತದಲ್ಲ, ಅದು ಎಸೆಯುವುದು ಅತಿಯಾದದ್ದರ ಗುರುತು.

1980ರ ದಶಕದ ಕೊನೆಗೆ ರೂಪುಗೊಂಡ ಎಚ್.261 ಎಂಬ ಅಂತರರಾಷ್ಟ್ರೀಯ ಮಾನದಂಡದ ಒಡಲಲ್ಲಿ ಡಿಸಿಟಿ ಇತ್ತು. 352 ಅಡ್ಡ, 288 ಉದ್ದದ ಚಿತ್ರವನ್ನು ಸೆಕೆಂಡಿಗೆ 30ರಂತೆ ಹಿಂಡದೆ ಕಳಿಸಿದರೆ ಸೆಕೆಂಡಿಗೆ ಮೂರೂವರೆ ಕೋಟಿಗೂ ಹೆಚ್ಚು ಬಿಟ್ ಬೇಕು. ಅಂದಿನ ಐಎಸ್‌ಡಿಎನ್ ಲೈನಿನ ಒಂದು ಚಾನೆಲ್ಲಿನಲ್ಲಿ ಹಿಡಿಸುತ್ತಿದ್ದದ್ದು 64,000. ಅಂಥ ಆರು ಚಾನೆಲ್ ಸೇರಿಸಿದರೆ ಸಾಕಷ್ಟು ಒಪ್ಪವಾದ ಸಭೆ ನಡೆಯುವಂತೆ ಮಾಡಿದ್ದು ಈ ಹಿಂಡುವ ವಿದ್ಯೆ. 2021ರಲ್ಲಿ ಅಮೆರಿಕದ ‘ದಿಸ್ ಈಸ್ ಅಸ್’ ಟಿವಿ ಧಾರಾವಾಹಿಯ ಒಂದು ಕಂತು ನಾಸಿರ್ ಅಹ್ಮದ್ ಮತ್ತು ಅವರ ಪತ್ನಿಯ ಕಥೆಯನ್ನು ಹೆಣೆದುಕೊಂಡಿತು. ಕೋವಿಡ್ ಕಾಲದಲ್ಲಿ ಆ ಧಾರಾವಾಹಿಯ ಕುಟುಂಬದವರು ವಿಡಿಯೊ ಕರೆಯಲ್ಲಿ ಒಬ್ಬರನ್ನೊಬ್ಬರು ನೋಡುತ್ತಿದ್ದದ್ದು ಅವರ ಲೆಕ್ಕದಿಂದಲೇ ಎಂಬುದು ಕಥೆಯ ಕೊಂಡಿ. ಬೆಂಗಳೂರಿನಲ್ಲಿ ಈ ಹೆಸರು ಇಂದಿಗೂ ಅಷ್ಟಾಗಿ ಕೇಳಿಬರುವುದಿಲ್ಲ ಎನ್ನುವುದು ಬೇಸರದ ಮಾತು.

ಚಿತ್ರ ಹಿಂಡಿದ್ದಾಯಿತು. ಆದರೆ ತಲೆಗಳನ್ನು ಹಿಂಡಲಾದೀತೆ? ಇಬ್ಬರಿದ್ದರೆ ಒಬ್ಬೊಬ್ಬರು ಒಂದೊಂದು ಚಿತ್ರ ಕಳಿಸಿದರೆ ಮುಗಿಯಿತು. ನಾಲ್ವರಿದ್ದರೆ ಪ್ರತಿಯೊಬ್ಬರೂ ಉಳಿದ ಮೂವರಿಗೆ ಕಳಿಸಬೇಕು, ಒಟ್ಟು 12 ಹರಿವು. ಹತ್ತು ಜನಕ್ಕೆ 90. ಇಪ್ಪತ್ತೈದು ಜನಕ್ಕೆ 600. ಜನ ಎರಡರಷ್ಟಾದರೆ ಹೊರೆ ನಾಲ್ಕರಷ್ಟಾಗುವ ಈ ಲೆಕ್ಕ ಎಲ್ಲ ಸಭಾ ತಂತ್ರಾಂಶಗಳ ಬೆನ್ನು ಹತ್ತಿದ ಸಾಲಗಾರ.

ಕೋಣೆಗಳ ಕಾಲದವರು ಇದಕ್ಕೆ ನಡುವೆ ‘ಬ್ರಿಜ್’ ಎಂಬ ದೊಡ್ಡ ಪೆಟ್ಟಿಗೆಯನ್ನು ಇಟ್ಟರು. ಎಲ್ಲರ ಚಿತ್ರವೂ ಅಲ್ಲಿಗೆ ಬರುತ್ತದೆ. ಪೆಟ್ಟಿಗೆ ಅವನ್ನೆಲ್ಲ ಬಿಡಿಸಿ, ಚೌಕಗಳಲ್ಲಿ ಜೋಡಿಸಿ, ಒಂದೇ ಚಿತ್ರವಾಗಿ ಮತ್ತೆ ಹಿಂಡಿ ಎಲ್ಲರಿಗೂ ಕಳಿಸುತ್ತದೆ. ಸಭೆಯವರಿಗೆ ಆರಾಮ, ಪೆಟ್ಟಿಗೆಗೆ ಪ್ರಾಣಸಂಕಟ. ಹತ್ತು-ಹದಿನೈದು ಸಭೆಗಳು ಒಟ್ಟಿಗೆ ನಡೆಯಬೇಕೆಂದರೆ ಅದರ ಬೆಲೆ ಕೇಳಿಯೇ ಕಂಪನಿಗಳು ಸುಮ್ಮನಾಗುತ್ತಿದ್ದವು.

ವಿಶ್ವವಿದ್ಯಾಲಯಗಳ ಹುಡುಗರಿಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು! ಹಾಗಾಗಿ ಅವರು ಬೇರೆ ದಾರಿ ಹಿಡಿದರು. 1992ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಟಿಮ್ ಡಾರ್ಸಿ ಮ್ಯಾಕಿಂಟಾಶ್ ಕಂಪ್ಯೂಟರಿಗಾಗಿ ‘ಸಿಯು-ಸೀಮಿ’ ಬರೆದರು. 160 ಅಡ್ಡ, 120 ಉದ್ದದ ಬೂದುಬಣ್ಣದ ಚಿತ್ರ. ಬಿಳಿಯಿಂದ ಕಪ್ಪಿನವರೆಗೆ 16 ಛಾಯೆ ಮಾತ್ರ. ಮುಂದಿನ ವರ್ಷ ಅದಕ್ಕೆ ‘ರಿಫ್ಲೆಕ್ಟರ್’ ಸೇರಿತು. ಅದು ಏನನ್ನೂ ಬಿಡಿಸುವುದಿಲ್ಲ, ಜೋಡಿಸುವುದಿಲ್ಲ. ಬಂದದ್ದರ ಪ್ರತಿ ತೆಗೆದು ಉಳಿದವರಿಗೆ ಹಂಚುತ್ತದೆ, ಅಷ್ಟೆ. ಬ್ರಿಜ್ ಎಂಬುದು ಅನ್ನ, ಬೇಳೆ, ತರಕಾರಿ ಎಲ್ಲ ಕಲಸಿ ಬಿಸಿಬೇಳೆಬಾತ್ ಮಾಡಿಯೇ ಎಲೆಗೆ ಹಾಕುವ ಅಡುಗೆಯವನಾದರೆ, ರಿಫ್ಲೆಕ್ಟರ್ ಪಂಕ್ತಿಯಲ್ಲಿ ಬಡಿಸುತ್ತ ಹೋಗುವವ. ಕಲಸಿಕೊಳ್ಳುವುದು ಉಣ್ಣುವವರಿಗೆ ಬಿಟ್ಟದ್ದು. ಇಂದಿನ ಜೂಮ್, ಮೀಟ್, ಜಿಟ್ಸಿಗಳೆಲ್ಲ ಬಡಿಸುವವರ ವಂಶದವೇ.

ಅದೇ ಹೊತ್ತಿಗೆ ಮೂರನೆಯ ಪಂಗಡವೊಂದು ಸಾವಿರಾರು ಜನರ ಕನಸು ಕಾಣುತ್ತಿತ್ತು. ಪ್ರತಿ ತೆಗೆಯುವ ಕೆಲಸವನ್ನು ಇಂಟರ್‌ನೆಟ್ಟಿನ ಮಾರ್ಗದಲ್ಲಿರುವ ರೂಟರುಗಳೇ ಮಾಡಲಿ ಎಂಬುದು ಅವರ ವಾದ. 1992ರ ಮಾರ್ಚ್‌ನಲ್ಲಿ ಸ್ಯಾನ್ ಡಿಯಾಗೊದಲ್ಲಿ ನಡೆದ ಇಂಟರ್‌ನೆಟ್ ಎಂಜಿನಿಯರುಗಳ ಸಭೆಯ ಧ್ವನಿಯನ್ನು ಹೀಗೆ ಮೂರು ಖಂಡಗಳ 20 ಕಡೆಗೆ ತಲುಪಿಸಿದರು. ಈ ಜಾಲಕ್ಕೆ ‘ಎಂಬೋನ್’ ಎಂದು ಹೆಸರಾಯಿತು. 1994ರ ನವೆಂಬರ್‌ನಲ್ಲಿ ರೋಲಿಂಗ್ ಸ್ಟೋನ್ಸ್ ರಾಕ್ ತಂಡದ ಡಲ್ಲಾಸ್ ಸಂಗೀತ ಕಛೇರಿಯ 20 ನಿಮಿಷ ಇದರಲ್ಲಿ ಪ್ರಸಾರವಾಗಲಿತ್ತು. ಸ್ಟೋನ್ಸ್ ವೇದಿಕೆಗೆ ಬರುವ ಮುಂಚೆ ಅದೇ ಜಾಲಕ್ಕೆ ನುಗ್ಗಿ ತಮ್ಮ ಹಾಡು ಹಾಡಿದವರು ‘ಸಿವಿಯರ್ ಟೈರ್ ಡ್ಯಾಮೇಜ್’ ಎಂಬ ಕಂಪ್ಯೂಟರ್ ಎಂಜಿನಿಯರುಗಳ ಬ್ಯಾಂಡಿನವರು. ಕರೆಯದೆ ಬಂದು ಮೈಕ್ ಹಿಡಿಯುವ ಚಾಳಿ ಅಷ್ಟು ಹಳೆಯದು. ಎಂಬೋನ್ ಪ್ರಯೋಗಶಾಲೆಗಳ ಆಚೆ ಬೆಳೆಯಲಿಲ್ಲ. ಇಂಟರ್‌ನೆಟ್ ಮಾರುವ ಕಂಪನಿಗಳು ಆ ಸೌಲಭ್ಯವನ್ನು ಗಿರಾಕಿಗಳಿಗೆ ಕೊಡಲು ಮನಸ್ಸು ಮಾಡಲಿಲ್ಲ.

ಸಾವಿರಾರು ಜನರ ಸಭೆಯನ್ನು ನಿಜವಾಗಿ ನಡೆಸಿ ತೋರಿಸಿದ ನಾಡುಗಳಲ್ಲಿ ಕರ್ನಾಟಕವೂ ಒಂದು. ಅದು ನಡೆದದ್ದು ಆಕಾಶಮಾರ್ಗದಲ್ಲಿ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಸ್ಯಾಟ್‌ಕಾಂ ಸ್ಟುಡಿಯೊದಿಂದ ಗ್ರಾಮ ಪಂಚಾಯಿತಿ ಸದಸ್ಯರಿಗೆ ಉಪಗ್ರಹದ ಮೂಲಕ ತರಬೇತಿ ಕೊಡುತ್ತಿದ್ದರು. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೊ ಎಜುಸ್ಯಾಟ್ ಹಾರಿಸಿದಾಗ ಅದರ ಮೊದಲ ಪ್ರಯೋಗಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದೂ ಸೇರಿತ್ತು. ಒಬ್ಬ ಮೇಷ್ಟರ ಪಾಠ ರಾಜ್ಯದ ನೂರರ ಆಸುಪಾಸಿನ ಎಂಜಿನಿಯರಿಂಗ್ ಕಾಲೇಜುಗಳಿಗೆ ತಲುಪುತ್ತಿತ್ತು. ಮೇಷ್ಟರು ಎಲ್ಲರಿಗೂ ಕಾಣುತ್ತಾರೆ. ಪ್ರಶ್ನೆ ಕೇಳುವ ವಿದ್ಯಾರ್ಥಿಯ ದನಿ ಮರಳಿ ಬರುತ್ತದೆ. ಕೇಳುವವರು ಹೆಚ್ಚು, ಮಾತಾಡುವವರು ಕಡಿಮೆ ಎಂಬ ಲೆಕ್ಕ ಮೊದಲೇ ಗೊತ್ತಿದ್ದುದರಿಂದ ಇಪ್ಪತ್ತೈದಕ್ಕೆ ಆರುನೂರು ಎಂಬ ಸಂಕಟ ಇಲ್ಲಿ ಹುಟ್ಟಲೇ ಇಲ್ಲ. ಇಂದು ‘ವೆಬಿನಾರ್’ ಹೆಸರಿನಲ್ಲಿ ಮಾರುವುದು ಹೆಚ್ಚು ಕಡಿಮೆ ಇದನ್ನೇ.

ಉಪಗ್ರಹಕ್ಕೊಂದು ಖಾಯಂ ತೊಂದರೆ ಇತ್ತು. ಅದು ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಮಾತು ಹತ್ತಿ ಇಳಿಯುವಷ್ಟರಲ್ಲಿ ಕಾಲು ಸೆಕೆಂಡ್ ಕಳೆಯುತ್ತದೆ. ಪ್ರಶ್ನೆಗೆ ಉತ್ತರ ಬರುವ ಹೊತ್ತಿಗೆ ಅರ್ಧ ಸೆಕೆಂಡ್. ಅರ್ಧ ಸೆಕೆಂಡ್ ಏನು ಮಹಾ ಎನ್ನಬಹುದು. ಆದರೆ ಎದುರುಬದುರು ಕೂತ ಹರಟೆಯಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗಲು ಹಿಡಿಯುವುದು ಸೆಕೆಂಡಿನ ಐದನೇ ಒಂದು ಭಾಗದಷ್ಟು ಮಾತ್ರ; ಭಾಷೆ ಯಾವುದಾದರೂ ಅದು ಅಷ್ಟಾಗಿ ಬದಲಾಗುವುದಿಲ್ಲ. ಅದಕ್ಕಿಂತ ತಡವಾದರೆ ಎದುರಿನವರು ಸುಮ್ಮನಾದರು ಎಂದುಕೊಂಡು ನಾವು ಮತ್ತೆ ಬಾಯಿ ತೆರೆಯುತ್ತೇವೆ. ಅಷ್ಟರಲ್ಲಿ ಅವರ ಮಾತು ಬಂದು ಮುಟ್ಟುತ್ತದೆ. ‘ನೀವು ಹೇಳಿ’, ‘ಇಲ್ಲ ಇಲ್ಲ, ನೀವೇ ಹೇಳಿ’ ಎಂಬ ಉಪಚಾರದಲ್ಲೇ ಅರ್ಧ ಸಭೆ ಮುಗಿಯುತ್ತದೆ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡನ್ನು ಮೀರದಿರಲಿ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಶಿಫಾರಸು ಮಾಡಿರುವುದು ಇದಕ್ಕೇ.

ಸರ್ಕಾರಿ ಕಚೇರಿಗಳಲ್ಲಿ ವಿಡಿಯೊ ಕಾನ್ಫರೆನ್ಸ್ ‘ವಿಸಿ’ಯಾಗಿ ಒಗ್ಗಿಹೋಯಿತು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಅದಕ್ಕೆಂದೇ ಒಂದು ಹಾಲ್. ಬೆಂಗಳೂರಿನಿಂದ ಮುಖ್ಯ ಕಾರ್ಯದರ್ಶಿಗಳು ಬರುವ ಹೊತ್ತಿಗೆ ಕಡತ ಹಿಡಿದು ಸಾಲಾಗಿ ಕೂತ ಅಧಿಕಾರಿಗಳು. ‘ಸಾಹೇಬರು ವಿಸಿಯಲ್ಲಿದ್ದಾರೆ’ ಎಂಬ ಉತ್ತರ ಕೇಳದೆ ತಾಲ್ಲೂಕು ಕಚೇರಿಯಿಂದ ಮರಳಿದವರು ವಿರಳ. ನ್ಯಾಯಾಲಯಗಳ ಬಾಗಿಲೂ ತೆರೆಯಿತು. ವಿಡಿಯೊ ಮೂಲಕ ಸಾಕ್ಷ್ಯ ದಾಖಲಿಸಬಹುದೆಂದು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಖಾಸಗಿಯವರ ವೈಭವ ಬೇರೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯ ಇನ್ಫೊಸಿಸ್ ಕ್ಯಾಂಪಸ್ಸಿನ ಸಭಾಕೋಣೆಯಲ್ಲಿ ಗೋಡೆಗೋಡೆಯೇ ಪರದೆ. ನಂದನ್ ನಿಲೇಕಣಿ ಆ ಕೋಣೆಯನ್ನು ಪತ್ರಕರ್ತ ಥಾಮಸ್ ಫ್ರೀಡ್ಮನ್‌ಗೆ ತೋರಿಸಿದ್ದು ‘ದಿ ವರ್ಲ್ಡ್ ಈಸ್ ಫ್ಲ್ಯಾಟ್’ ಪುಸ್ತಕದ ಆರಂಭದಲ್ಲೇ ಬರುತ್ತದೆ. 2005ರಲ್ಲಿ ಎಚ್‌ಪಿ ಕಂಪನಿ ‘ಹೇಲೊ’ ಎಂಬ ಕೋಣೆಯನ್ನು ಐದೂವರೆ ಲಕ್ಷ ಡಾಲರಿಗೆ ಮಾರಲು ತಂದಿತು. ಮರುವರ್ಷ ಸಿಸ್ಕೊದ ‘ಟೆಲಿಪ್ರೆಸೆನ್ಸ್’ ಬಂತು. ಮೂರು ಪರದೆಯ ಕೋಣೆಗೆ ಸುಮಾರು ಮೂರು ಲಕ್ಷ ಡಾಲರ್. ಮೇಜಿನ ಈ ಬದಿ ಆರು ಜನ, ಪರದೆಯೊಳಗಿನ ಆ ಬದಿ ಆರು ಜನ. 2007ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವೇದಿಕೆಯಲ್ಲಿ ಸಿಸ್ಕೊ ಮುಖ್ಯಸ್ಥ ಜಾನ್ ಚೇಂಬರ್ಸ್ ನಿಂತಿದ್ದಂತೆಯೇ ಕ್ಯಾಲಿಫೋರ್ನಿಯಾದಲ್ಲಿದ್ದ ಸಹೋದ್ಯೋಗಿಗಳು ಬೆಳಕಿನ ರೂಪದಲ್ಲಿ ಆಳೆತ್ತರಕ್ಕೆ ಮೂಡಿ ಮಾತಾಡಿದರು. ಚಪ್ಪಾಳೆಯೇನೋ ಭರ್ಜರಿಯಾಗಿತ್ತು. ಆದರೆ ಮೂರು ಲಕ್ಷ ಡಾಲರಿನ ಕೋಣೆಯಲ್ಲೂ ಏಳನೆಯವರಿಗೆ ಕುರ್ಚಿ ಇರಲಿಲ್ಲ.

ಅದೇ ವರ್ಷ ಸಿಸ್ಕೊ 320 ಕೋಟಿ ಡಾಲರ್ ಕೊಟ್ಟು ವೆಬೆಕ್ಸ್ ಕಂಪನಿಯನ್ನು ಕೊಂಡಿತು. ಸುಬ್ರಹ್ ಅಯ್ಯರ್ ಮತ್ತು ಮಿನ್ ಝು 1990ರ ದಶಕದಲ್ಲಿ ಕಟ್ಟಿದ ವೆಬೆಕ್ಸ್ ನೆಚ್ಚಿದ್ದು ಎಂಗಲ್‌ಬಾರ್ಟ್ ದಾರಿಯನ್ನು: ತೆರೆಯ ಮೇಲೆ ಸ್ಲೈಡು, ಕಿವಿಗೆ ಮಾಮೂಲಿ ಫೋನು. ಇನ್ನೊಂದು ಕಡೆ 2003ರಲ್ಲಿ ಬಂದ ಸ್ಕೈಪ್ ಇಬ್ಬರ ಲೋಕವನ್ನು ಗೆದ್ದಿತು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನೇರ ಹೋಗುವ ಅದರ ಕರೆಗೆ ದುಬಾರಿ ಸರ್ವರುಗಳು ಬೇಕಿರಲಿಲ್ಲ; ಆ ಕಾರಣಕ್ಕೇ ಪುಕ್ಕಟೆಯಾಗಿ ಕೊಡಲು ಸಾಧ್ಯವಾಯಿತು. ಮಗ ಕ್ಯಾಲಿಫೋರ್ನಿಯಾದಲ್ಲಿ, ಅಪ್ಪ-ಅಮ್ಮ ಜಯನಗರದಲ್ಲಿ ಇರುವ ಮನೆಗಳಿಗೆ ಇದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ. ಗುಂಪಿನ ವಿಡಿಯೊ ಕರೆಗೆ ಮಾತ್ರ ಸ್ಕೈಪ್ 2014ರವರೆಗೆ ದುಡ್ಡು ಕೇಳಿತು.

ಗುಂಪಿನ ಗಂಟು ಬಿಡಿಸಿದ್ದು ಇನ್ನೊಂದು ಗಣಿತ. ಒಂದೇ ಚಿತ್ರವನ್ನು ಪದರ ಪದರವಾಗಿ ಕಳಿಸುವುದು: ತಳದಲ್ಲಿ ಮಸುಕು, ಮೇಲಿನ ಪದರಗಳು ಸೇರಿದಷ್ಟೂ ಸ್ಪಷ್ಟ. ಬಡಿಸುವ ಸರ್ವರ್ ನಿಮ್ಮ ಮೊಬೈಲಿಗೆ ತಳದ ಪದರವನ್ನಷ್ಟೇ, ಒಳ್ಳೆಯ ಲೈನಿದ್ದವರಿಗೆ ಎಲ್ಲವನ್ನೂ ಕೊಡುತ್ತದೆ. ಮಾತಾಡುತ್ತಿರುವವರ ಮುಖಕ್ಕೆ ಪೂರ್ಣ ಪದರ, ಮೂಲೆಯಲ್ಲಿ ಆಕಳಿಸುತ್ತಿರುವವರಿಗೆ ಒಂದೇ ಸಾಕು. ‘ವಿಡಿಯೊ’ (Vidyo) ಎಂಬ ಹೆಸರಿನ ಕಂಪನಿ 2008ರ ಹೊತ್ತಿಗೆ ಇದನ್ನು ಮಾರುಕಟ್ಟೆಗೆ ತಂದಿತು. 2011ರಲ್ಲಿ ಹತ್ತು ಜನರಿಗೆಂದು ಬಂದ ಗೂಗಲ್ ಹ್ಯಾಂಗ್ಔಟ್ಸ್ ಶುರುವಿಗೆ ಅದರದೇ ತಂತ್ರವನ್ನು ಬಳಸಿತು. ಅದೇ ವರ್ಷ ವೆಬೆಕ್ಸ್ ಬಿಟ್ಟು ಹೊರಬಂದ ಎರಿಕ್ ಯುವಾನ್ ಹೊಸ ಕಂಪನಿ ಕಟ್ಟಿದರು. ಚೀನಾದಲ್ಲಿ ಕಾಲೇಜಿನ ದಿನಗಳಲ್ಲಿ ಗೆಳತಿಯನ್ನು ನೋಡಲು ಹತ್ತು ತಾಸು ರೈಲಿನಲ್ಲಿ ಹೋಗಬೇಕಿದ್ದವರು, ಅಮೆರಿಕದ ವೀಸಾ ಎಂಟು ಸಲ ನಿರಾಕರಣೆಯಾಗಿ ಒಂಬತ್ತನೇ ಸಲ ಸಿಕ್ಕವರು ಅವರು. ಅವರ ಜೂಮ್ 2012ರ ಪರೀಕ್ಷಾ ಆವೃತ್ತಿಯಲ್ಲಿ 15 ಜನರನ್ನು, 2013ರ ಆರಂಭದಲ್ಲಿ 25 ಜನರನ್ನು ಕೂರಿಸಿತು.

ಆಮೇಲೆ 2020. ದಿನವೊಂದಕ್ಕೆ ಜೂಮ್ ಸಭೆಗಳಿಗೆ ಹಾಜರಾಗುವವರ ಲೆಕ್ಕ 2019ರ ಡಿಸೆಂಬರ್‌ನಲ್ಲಿ 1 ಕೋಟಿ. ಏಪ್ರಿಲ್ ಹೊತ್ತಿಗೆ 30 ಕೋಟಿ. ಉಳಿದವರೂ ಕುರ್ಚಿ ಹೆಚ್ಚಿಸಲು ಓಡಿದರು. ವಾಟ್ಸ್‌ಆ್ಯಪ್ ಗುಂಪು ಕರೆ ನಾಲ್ವರಿಂದ ಎಂಟಕ್ಕೆ ಏರಿತು, ಎರಡು ವರ್ಷದ ಮೇಲೆ 32ಕ್ಕೆ. ಗೂಗಲ್ ಮೀಟ್ 100 ಜನರವರೆಗೆ ಎಲ್ಲರಿಗೂ ಪುಕ್ಕಟೆಯಾಯಿತು. ಜೂಮ್‌ನಲ್ಲೂ ಪುಕ್ಕಟೆ 100 ಜನ. ಆದರೆ ಮೂವರು ಸೇರಿದರೂ 40 ನಿಮಿಷಕ್ಕೆ ಕದ ಮುಚ್ಚುತ್ತಿತ್ತು. ಅದೇ ಲಿಂಕ್ ಒತ್ತಿ ಎಲ್ಲರೂ ಮತ್ತೆ ಒಳಬರುವ ಉಪಾಯ ಮನೆಮನೆಗೂ ಗೊತ್ತಾಯಿತು. ಲಾಗಿನ್ ಇಲ್ಲದೆ ಲಿಂಕ್ ಒತ್ತಿದರೆ ಸಾಕು ಎಂಬ ಸಲೀಸು ಜೂಮ್‌ನ ಬಲ, ಅದೇ ಅದರ ಸಡಿಲು. ಮಾರ್ಚ್ 31ರಂದು ಬ್ರಿಟನ್ ಪ್ರಧಾನಿ ಬೋರಿಸ್ ಜಾನ್ಸನ್ ಸಂಪುಟ ಸಭೆಯ ಚಿತ್ರವನ್ನು ಟ್ವೀಟ್ ಮಾಡಿದಾಗ ಮೇಲ್ಗಡೆ ಸಭೆಯ ಐಡಿ ಸಂಖ್ಯೆಯೂ ಕಾಣುತ್ತಿತ್ತು. ಏಪ್ರಿಲ್‌ನಲ್ಲಿ ಭಾರತದ ಗೃಹ ಸಚಿವಾಲಯ ಸರ್ಕಾರಿ ಕೆಲಸಕ್ಕೆ ಜೂಮ್ ಬೇಡ ಎಂದಿತು. ದೇಶೀಯ ತಂತ್ರಾಂಶಕ್ಕಾಗಿ ಕೇಂದ್ರ ಸರ್ಕಾರ ನಡೆಸಿದ ಸ್ಪರ್ಧೆಯಲ್ಲಿ ಕೇರಳದ ಆಲಪ್ಪುಳದ ಟೆಕ್‌ಜೆನ್‌ಸಿಯಾ ಕಂಪನಿಯ ‘ವಿ-ಕನ್ಸೋಲ್’ 1 ಕೋಟಿ ರೂಪಾಯಿ ಬಹುಮಾನ ಗೆದ್ದಿತು.

ಕರ್ನಾಟಕದ ಹಳ್ಳಿಗಳಲ್ಲಿ ಲೆಕ್ಕವೇ ಬೇರೆ ಇತ್ತು. ನೂರು ಜನಕ್ಕೆ ಜಾಗವಿರುವ ಆ್ಯಪಿದ್ದರೂ ಒಬ್ಬ ವಿದ್ಯಾರ್ಥಿಗೆ ಸಿಗ್ನಲ್ ಇಲ್ಲದಿದ್ದರೆ ಏನು ಬಂತು? ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಳೆಯ ನಡುವೆ ರಸ್ತೆಬದಿ ಕೂತು ಪಾಠ ಕೇಳುತ್ತಿದ್ದ ಬಾಲಕಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೊ 2021ರ ಜೂನ್‌ನಲ್ಲಿ ದೇಶವೆಲ್ಲ ಓಡಾಡಿತು. ಅದಕ್ಕೆ ಮೊದಲೇ, 2020ರಲ್ಲಿ, ಸರ್ಕಾರಿ ಶಾಲೆಗಳ ಮೇಷ್ಟರುಗಳು ‘ವಿದ್ಯಾಗಮ’ದ ಹೆಸರಿನಲ್ಲಿ ಮಕ್ಕಳಿದ್ದಲ್ಲಿಗೇ ಹೋಗಿ ಜಗಲಿ, ದೇವಸ್ಥಾನ, ಮರದ ನೆರಳುಗಳಲ್ಲಿ ಸಣ್ಣ ಗುಂಪುಗಳಿಗೆ ಪಾಠ ಮಾಡಿದ್ದರು.

ಕುರ್ಚಿ ಹೆಚ್ಚಿದಷ್ಟೂ ಸಭೆ ಚೆನ್ನಾಗುತ್ತದೆಯೇ? ಒಂದೇ ತೆರೆಯಲ್ಲಿ 49 ಮುಖ ತೋರಿಸುವುದು ಕಂಪನಿಗಳ ನಡುವೆ ಪೈಪೋಟಿಯ ಅಂಕಿಯಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ 2021ರಲ್ಲಿ ಬರೆದಂತೆ, ಅಷ್ಟೂ ಮುಖಗಳು ಹತ್ತಿರದಿಂದ ದಿಟ್ಟಿಸುತ್ತಿರುವಂತೆ ಭಾಸವಾಗುವುದು, ದಿನವಿಡೀ ತನ್ನದೇ ಮುಖ ನೋಡುತ್ತ ಕೂರುವುದು, ಕ್ಯಾಮೆರಾದ ಚೌಕ ಬಿಟ್ಟು ಅಲ್ಲಾಡಲಾಗದಿರುವುದು ಆಯಾಸಕ್ಕೆ ಕಾರಣ. ಮೈಕ್ರೊಸಾಫ್ಟ್ ಟೀಮ್ಸ್ 2020ರ ಜುಲೈನಲ್ಲಿ ಎಲ್ಲರನ್ನೂ ಒಂದೇ ಸಭಾಂಗಣದ ಕುರ್ಚಿಗಳಲ್ಲಿ ಕೂರಿಸಿದಂತೆ ತೋರಿಸುವ ‘ಟುಗೆದರ್ ಮೋಡ್’ ತಂದದ್ದು ಈ ಆಯಾಸಕ್ಕೆ ಮದ್ದಾಗಿ. ನೋಡಲು ಮಜವಾಗಿತ್ತು, ಬಜೆಟ್ ಚರ್ಚೆಗೆ ಕೂತವರಿಗೆ ಅದರಿಂದ ಎಷ್ಟು ನೆರವಾಯಿತೆಂಬುದು ಬೇರೆ ಮಾತು.

ಇಂದಿನ ಆಯ್ಕೆಗಳಲ್ಲೂ ಈ ಚರಿತ್ರೆಯ ಗುರುತುಗಳಿವೆ. ಜಿಟ್ಸಿಯಲ್ಲಿ ಇಬ್ಬರೇ ಇದ್ದಾಗ ಚಿತ್ರ ಸ್ಕೈಪಿನ ಹಳೆಯ ರೀತಿಯಲ್ಲಿ ನೇರವಾಗಿ ಹೋಗುತ್ತದೆ. ಮೂರನೆಯವರು ಕಾಲಿಟ್ಟ ಕೂಡಲೇ ಅದು ಸದ್ದಿಲ್ಲದೆ ಬಡಿಸುವ ಸರ್ವರಿಗೆ ಬದಲಾಗುತ್ತದೆ. ನಾಲ್ಕಾರು ಮಂದಿಯ ಮನೆಮಾತಿಗೆ ವಾಟ್ಸ್‌ಆ್ಯಪ್ ಧಾರಾಳ ಸಾಕು, ಇನ್ನೊಂದು ಆ್ಯಪ್ ಇಳಿಸಿಕೊಳ್ಳಿ ಎಂದು ಅಜ್ಜಿಯನ್ನು ಪೀಡಿಸಬೇಕಿಲ್ಲ. ನಲವತ್ತು ಮಕ್ಕಳ ತರಗತಿಗೆ ಕಪ್ಪುಹಲಗೆ, ಹಾಜರಿ, ಪುಟ್ಟ ಪುಟ್ಟ ಗುಂಪು ಬೇಕು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಹುಟ್ಟಿದ ‘ಬಿಗ್‌ಬ್ಲೂಬಟನ್’ ಪಾಠಕ್ಕೆಂದೇ ಮಾಡಿದ್ದು, ತನ್ನದೇ ಸರ್ವರಿದ್ದ ಕಾಲೇಜಿಗೆ ಪುಕ್ಕಟೆ. ಗುಟ್ಟು ಕಾಪಾಡಬೇಕಾದವರಿಗೂ ತಲೆ ಎಣಿಕೆ ಅಡ್ಡ ಬರುತ್ತದೆ: ಜೂಮ್ 2020ರ ಅಕ್ಟೋಬರ್‌ನಲ್ಲಿ ಪೂರ್ತಿ ಗೂಢಲಿಪೀಕರಣ ತಂದಾಗ ಅದು 200 ಜನರಿಗೆ ಸೀಮಿತವಾಗಿತ್ತು, ಮಾಮೂಲಿ ಫೋನಿನಿಂದ ಸೇರುವಂತೆಯೂ ಇರಲಿಲ್ಲ.

ಐನೂರು, ಸಾವಿರ ದಾಟಿದ ಮೇಲೆ ಪ್ರಶ್ನೆ ತಂತ್ರದ್ದಾಗಿ ಉಳಿಯುವುದಿಲ್ಲ, ಅಧ್ಯಕ್ಷತೆಯದಾಗುತ್ತದೆ. ಕೀಲಿ ಯಾರ ಕೈಯಲ್ಲಿ? ಇಂಗ್ಲೆಂಡಿನ ಹ್ಯಾಂಡ್‌ಫೋರ್ತ್ ಎಂಬ ಊರಿನ ಪಂಚಾಯಿತಿ 2020ರ ಡಿಸೆಂಬರ್‌ನಲ್ಲಿ ನಡೆಸಿದ ಜೂಮ್ ಸಭೆಗೆ ಸಾವಿರ ಜನವೂ ಬೇಕಾಗಲಿಲ್ಲ, ಬೆರಳೆಣಿಕೆಯ ಸದಸ್ಯರೇ ಸಾಕಾದರು. ಅಧಿಕಾರದ ಜಗಳದಲ್ಲಿ, ಸಭೆ ನಡೆಸಿಕೊಡುತ್ತಿದ್ದ ಅಧಿಕಾರಿ ಅಧ್ಯಕ್ಷರನ್ನೇ ಸಭೆಯಿಂದ ಹೊರಹಾಕಿದರು. ಎರಡು ತಿಂಗಳ ಮೇಲೆ ಆ ವಿಡಿಯೊ ಹೊರಬಂದಾಗ ಲಕ್ಷಾಂತರ ಜನ ನಕ್ಕು ನಕ್ಕು ಸುಸ್ತಾದರು. ನಮ್ಮ ಗ್ರಾಮಸಭೆಗಳನ್ನು ಕಂಡವರಿಗೆ ಜಗಳದಲ್ಲಿ ಹೊಸತೇನೂ ಇರಲಿಲ್ಲ. ಒಂದು ಗುಂಡಿ ಒತ್ತಿ ಅಧ್ಯಕ್ಷರನ್ನು ಮಾಯ ಮಾಡಬಹುದೆಂಬುದಷ್ಟೇ ಹೊಸದು.

ತಲೆ ಎಣಿಕೆ, ಕೀಲಿ ಎಂಬ ಈ ಎರಡೂ ಸಂಕಟಗಳನ್ನು ನ್ಯಾಯಾಲಯಗಳು ಒಟ್ಟಿಗೆ ಕಂಡವು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕಲಾಪವನ್ನು ವಿಡಿಯೊ ಆ್ಯಪಿಗೆ ಸ್ಥಳಾಂತರಿಸಿತು. ಕರ್ನಾಟಕ ಹೈಕೋರ್ಟ್ ಜೂಮ್‌ನಲ್ಲಿ ವಿಚಾರಣೆ ನಡೆಸಿತು, 2021ರಿಂದ ಕಲಾಪದ ನೇರಪ್ರಸಾರವನ್ನೂ ಆರಂಭಿಸಿತು. ಒಂದು ಪ್ರಕರಣದಲ್ಲಿ ಮಾತಾಡುವವರು ನ್ಯಾಯಮೂರ್ತಿಗಳು ಮತ್ತು ನಾಲ್ಕಾರು ವಕೀಲರು. ಉಳಿದವರು ತಮ್ಮ ಸರದಿಗೆ ಕಾಯುವ ವಕೀಲರು, ಕಕ್ಷಿದಾರರು, ಕಾನೂನು ವಿದ್ಯಾರ್ಥಿಗಳು, ಪತ್ರಕರ್ತರು. ನ್ಯಾಯಾಲಯದ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂಬ ತತ್ವಕ್ಕೆ ತಕ್ಕಂತೆ ಲಿಂಕ್ ಕೂಡ ತೆರೆದೇ ಇತ್ತು. ನೋಡಲು ಬಂದವರೂ ಮಾತಾಡುವವರೂ ಒಂದೇ ಬಾಗಿಲಿನಿಂದ ಒಳಬರುತ್ತಿದ್ದರು. 2023ರ ಡಿಸೆಂಬರ್ ಮೊದಲ ವಾರ ಹಾಗೆ ನುಗ್ಗಿದ ಅನಾಮಿಕರು ಕಲಾಪದ ನಡುವೆ ಅಶ್ಲೀಲ ದೃಶ್ಯಗಳನ್ನು ಹರಿಬಿಟ್ಟರು. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಪೀಠಗಳ ವಿಡಿಯೊ ಕಲಾಪ ಮತ್ತು ನೇರಪ್ರಸಾರವನ್ನು ಹೈಕೋರ್ಟ್ ತಾತ್ಕಾಲಿಕವಾಗಿ ನಿಲ್ಲಿಸಿತು. ವಕೀಲರು ಕರಿಕೋಟು ತೊಟ್ಟು ಮತ್ತೆ ಕೋರ್ಟ್ ಹಾಲ್‌ಗೇ ಬಂದು ನಿಂತರು.